ತನ್ನ ಚುನಾವಣೆಯನ್ನು ತಾನೇ ನಡೆಸುವ ಅಧಿಕಾರಿ

ಅಮೇರಿಕೆಯ ಚುನಾವಣೆಯ ಸುದ್ದಿ ಪತ್ರಿಕೆಗಳಲ್ಲಿ ತುಂಬಿಕೊಂಡಾಗಲೆಲ್ಲ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಕೇಳುವ ಪ್ರಶ್ನೆಯೊಂದುಂಟು: “ಅಲ್ಲಿ ಚುನಾವಣೆ ನಡೆಸುವ ಅಧಿಕಾರಿಯೇ ಉಮೇದುವಾರನಾಗಿಯೂ ನಿಲ್ಲುತ್ತಾನಂತೆ. ಇದು ನಿಜವೇ? ನಿಜವಾದರೆ ಕೇಳುವವರಿಲ್ಲವೇ?” ನಿಜ, ಕೇಳುವವರೂ ಇದ್ದಾರೆ. ಆದರೆ ಅವರು ಬಾಯಿ ತೆರೆಯುವುದು ಬಹುಮಟ್ಟಿಗೆ ಮತ ಎಣಿಸುವ ದಿನ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕಚೇರಿಯೊಳಗೆ ನಡೆಯುವ ಕೆಲಸದ ಮೇಲೆ ಕಾನೂನಿನ ಹಿಡಿತ ಬಹಳ ಸಡಿಲ. ಈ ಸಂಗತಿಯನ್ನೇ ಸ್ವಲ್ಪ ಬಿಡಿಸಿ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಅಲ್ಲಿನ ವ್ಯವಸ್ಥೆಯ ಪರಿಚಯ ಆಗಬೇಕು. ನಮ್ಮ ದೇಶದಲ್ಲಿ ಲೋಕಸಭೆ, ವಿಧಾನಸಭೆಗಳ ಚುನಾವಣೆಯನ್ನು ಒಂದೇ ಚುನಾವಣಾ ಆಯೋಗವು ನಡೆಸುತ್ತದೆ. ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಅಂಥ ಸಂಸ್ಥೆಯೇ ಇಲ್ಲ. ಅಲ್ಲಿನ ಫೆಡರಲ್ ಚುನಾವಣಾ ಆಯೋಗವು ಉಮೇದುವಾರರ ಹಣದ ಲೆಕ್ಕವನ್ನಷ್ಟೇ ನೋಡುತ್ತದೆ. 2002ರ ಕಾಯಿದೆಯಿಂದ ಹುಟ್ಟಿದ ಇನ್ನೊಂದು ಆಯೋಗವು ಮತಯಂತ್ರಗಳ ಪರೀಕ್ಷೆಯನ್ನು ನೋಡಿಕೊಂಡು ಸಲಹೆ ಕೊಡುತ್ತದೆ. ಚುನಾವಣೆಯನ್ನು ನಿಜವಾಗಿ ನಡೆಸುವವರು ಕೌಂಟಿ, ಪಟ್ಟಣ, ಹಳ್ಳಿಗಳ ಅಧಿಕಾರಿಗಳು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದೊಂದು ಘಟಕವೆಂದು ತಿಳಿದರೆ ಸಾಕು. ಹೀಗೆ ಚುನಾವಣೆ ನಡೆಸುವ ಸ್ಥಳೀಯ ಘಟಕಗಳು ಆ ದೇಶದಲ್ಲಿ ಎಲ್ಲ ಸೇರಿ ಸುಮಾರು 10,000 ಇವೆ. ದೇಶದ ಅಧ್ಯಕ್ಷರ ಚುನಾವಣೆಯಿರಲಿ, ಊರಿನ ಶಾಲಾ ಮಂಡಲಿಯ ಚುನಾವಣೆಯಿರಲಿ, ಮತಪತ್ರವು ಸಿದ್ಧವಾಗುವುದು ಈ ಸ್ಥಳೀಯ ಕಚೇರಿಯಲ್ಲಿಯೇ.

ಈ ಕಚೇರಿಯ ಮುಖ್ಯಸ್ಥನನ್ನು ಅನೇಕ ರಾಜ್ಯಗಳಲ್ಲಿ ‘ಕೌಂಟಿ ಕ್ಲಾರ್ಕ್’ ಎನ್ನುತ್ತಾರೆ. ಹೆಸರು ಕೇಳಿ ನಮ್ಮಂತೆ ಲೆಜರು ಬರೆದು ಸಂಜೆ ಲೋಕಲ್ ಗಾಡಿ ಹಿಡಿಯುವವನೆಂದು ಭಾವಿಸಬಾರದು! ಆತನು ಜನರ ಮತದಿಂದ ಆರಿಸಿಬಂದವನು. ಹಲವು ಕಡೆ ಪಕ್ಷದ ಹೆಸರಿನಲ್ಲಿಯೇ ನಿಂತು ಗೆದ್ದವನು. ಅವಧಿ ಮುಗಿದಾಗ ಮತ್ತೆ ನಿಲ್ಲುತ್ತಾನೆ. ಆಗ ಆತನ ಹೆಸರುಳ್ಳ ಮತಪತ್ರವು ಆತನ ಕಚೇರಿಯಲ್ಲಿಯೇ ತಯಾರಾಗುತ್ತದೆ. ಅವನ ಮೇಲೆ, ರಾಜ್ಯದ ಮಟ್ಟದಲ್ಲಿ, ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬ ಅಧಿಕಾರಿಯಿರುತ್ತಾನೆ. ಈತನು ವಿದೇಶಾಂಗ ವ್ಯವಹಾರ ನೋಡುವ ಅದೇ ಹೆಸರಿನ ಮಂತ್ರಿಯಲ್ಲ. ನಮ್ಮ ಸಚಿವಾಲಯದ ಕಾರ್ಯದರ್ಶಿಯಂತೆ ಸರಕಾರಿ ನೌಕರನೂ ಅಲ್ಲ. ಬಹುಪಾಲು ರಾಜ್ಯಗಳಲ್ಲಿ ಈತನೂ ಚುನಾಯಿತನೇ.

ಇಂಥ ವಿಚಿತ್ರ ಪದ್ಧತಿ ಏಕೆ ಬಂತೆಂದರೆ, ಅದರ ಹಿಂದೆ ಒಂದು ಒಳ್ಳೆಯ ಉದ್ದೇಶವೇ ಇತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲು ಸಣ್ಣಪುಟ್ಟ ಹುದ್ದೆಗಳನ್ನೂ ರಾಜಧಾನಿಯಲ್ಲಿ ಕುಳಿತ ಒಂದು ನೇಮಕಾತಿ ಮಂಡಲಿಯು ಹಂಚುತ್ತಿತ್ತು. ಯಾವ ಪಕ್ಷದ ಕೈಮೇಲೋ ಆ ಪಕ್ಷದವರಿಗೆ ಹುದ್ದೆ. ಜನರಿಗೆ ಬೇಸರವಾಗಿ, 1821ರ ಸಂವಿಧಾನದಲ್ಲಿ ಆ ಮಂಡಲಿಯನ್ನು ಕಿತ್ತೊಗೆದರು. ಕೌಂಟಿ ಕ್ಲಾರ್ಕನನ್ನು ಮೂರು ವರ್ಷಕ್ಕೊಮ್ಮೆ ಮತದಾರರೇ ಆರಿಸಬೇಕೆಂದು ಬರೆದರು. ಆ ಕಾಲದಲ್ಲಿ ಸರಕಾರವು ಮತಪತ್ರ ಅಚ್ಚುಮಾಡಿಸುತ್ತಿರಲಿಲ್ಲ. ಆಯಾ ಪಕ್ಷದವರೇ ತಮ್ಮ ತಮ್ಮ ಚೀಟಿಗಳನ್ನು ಮುದ್ರಿಸಿ ಮತದಾರನ ಕೈಗೆ ಕೊಡುತ್ತಿದ್ದರು. ಸರಕಾರವೇ ಮುದ್ರಿಸಿ ಗುಟ್ಟಾಗಿ ಗುರುತು ಹಾಕಿಸುವ ಮತಪತ್ರವನ್ನು ಇಡೀ ರಾಜ್ಯಕ್ಕೆ ಮೊದಲು ತಂದದ್ದು ಮೆಸಾಚುಸೆಟ್ಸ್, 1888ರಲ್ಲಿ. ಇತರ ರಾಜ್ಯಗಳೂ ಬೇಗನೆ ಅದನ್ನು ಹಿಂಬಾಲಿಸಿದವು. ಮತದಾರನಿಗೆ ಇದರಿಂದ ದೊಡ್ಡ ರಕ್ಷಣೆ ದೊರೆಯಿತು. ಅದೇ ಹೊತ್ತಿಗೆ ಕಚೇರಿಯ ಅಧಿಕಾರಿಗೂ ಹಿಂದೆಂದೂ ಇಲ್ಲದ ಶಕ್ತಿ ದೊರೆಯಿತು. ಎರಡನೆಯದನ್ನು ಆಗ ಹೆಚ್ಚು ಜನ ಗಮನಿಸಿದಂತೆ ಕಾಣುವುದಿಲ್ಲ.

ಆ ಶಕ್ತಿಯೆಂಥದು? ಕೆಲಸದ ಯಾದಿಯನ್ನು ನೋಡಿದರೆ ಸಾಕು. ಮತದಾರರ ಪಟ್ಟಿಗೆ ಯಾರ ಹೆಸರನ್ನು ಸೇರಿಸುವುದು, ಯಾರದನ್ನು ತೆಗೆಯುವುದು, ಅರ್ಜಿಯಲ್ಲಿ ಒಂದಕ್ಷರ ತಪ್ಪಿದರೆ ಹಿಂದಕ್ಕೆ ಕಳಿಸುವುದೋ ಒಪ್ಪಿಕೊಳ್ಳುವುದೋ. ಮತಗಟ್ಟೆ ಯಾವ ಬೀದಿಯಲ್ಲಿ, ಅಲ್ಲಿಗೆ ಎಷ್ಟು ಯಂತ್ರ, ಎಷ್ಟು ಜನ. ಅಂಚೆಯ ಮತಪತ್ರ ಯಾವ ದಿನ ಹೊರಡಬೇಕು. ಮತಪತ್ರದಲ್ಲಿ ಹೆಸರುಗಳ ಜೋಡಣೆ ಹೇಗೆ. ಕಾನೂನು ಇವುಗಳಿಗೆಲ್ಲ ಚೌಕಟ್ಟು ಹಾಕಿರುತ್ತದೆ, ಸುಳ್ಳಲ್ಲ. ಆದರೆ ಕಚೇರಿಯಲ್ಲಿ ಕೆಲಸ ಮಾಡಿದ ನಮಗೆ ಗೊತ್ತಿರುವಂತೆ, ಚೌಕಟ್ಟಿನ ಒಳಗೆ ಕೈಯಾಡಿಸಲು ಬೇಕಾದಷ್ಟು ಜಾಗ ಇದ್ದೇ ಇರುತ್ತದೆ. ಇವೆಲ್ಲದರ ಮೇಲೆ, ಎಷ್ಟೋ ಕೌಂಟಿಗಳಲ್ಲಿ ಮತದಾರರಿಗೆ ಹೋಗುವ ಸರಕಾರಿ ಲಕೋಟೆಯ ಮೇಲೆ ಅಧಿಕಾರಿಯ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಎದುರಾಳಿಯು ಕೈಯಿಂದ ಹಣ ಹಾಕಿ ಹಂಚಬೇಕಾದ ಪ್ರಚಾರಪತ್ರವು ಈತನಿಗೆ ಸರಕಾರಿ ಖರ್ಚಿನಲ್ಲಿ ಮನೆಮನೆ ಮುಟ್ಟುತ್ತದೆ!

ಹೆಸರುಗಳ ಜೋಡಣೆಯೂ ಸಣ್ಣ ಮಾತಲ್ಲ. ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಗರದಲ್ಲಿ, ಈಗಾಗಲೇ ಹುದ್ದೆಯಲ್ಲಿದ್ದು ಮತ್ತೆ ನಿಂತವರ ಹೆಸರನ್ನು ಮತಪತ್ರದ ಮೇಲ್ತುದಿಯಲ್ಲಿ ಹಾಕಬೇಕೆಂದು ನಗರದ ನಿಯಮವೇ ಇತ್ತು. ಆ ರಾಜ್ಯದ ಸುಪ್ರೀಂ ಕೋರ್ಟು 1975ರಲ್ಲಿ ಅದನ್ನು ರದ್ದುಮಾಡಿತು. ಮೊದಲಿನ ಹೆಸರಿಗೆ, ಮೊದಲಿರುವ ಕಾರಣದಿಂದಲೇ, ಕೆಲವು ಮತಗಳು ಬೀಳುತ್ತವೆ. ಆ ಲಾಭವನ್ನು ಹುದ್ದೆಯಲ್ಲಿರುವವರಿಗೇ ಕಾದಿಡುವುದು ಸಮಾನತೆಗೆ ವಿರುದ್ಧ ಎಂಬುದು ನ್ಯಾಯಾಲಯದ ಅಭಿಪ್ರಾಯ. ಈಗ ಆ ರಾಜ್ಯದಲ್ಲಿ ಅಕ್ಷರಗಳನ್ನು ಚೀಟಿ ಎತ್ತಿ, ಬಂದ ಕ್ರಮದಲ್ಲಿ ಹೆಸರು ಹಾಕುತ್ತಾರೆ.

ಇನ್ನು ಎಣಿಕೆಯ ದಿನದ ನಿಯಮಕ್ಕೆ ಬರೋಣ. ಇದರಲ್ಲಿ ಫ್ಲಾರಿಡಾ ರಾಜ್ಯದ ಕಾಯಿದೆ ಸ್ಪಷ್ಟವಾಗಿದೆ, ಓದಲು ಸ್ವಾರಸ್ಯವಾಗಿಯೂ ಇದೆ. ಅಲ್ಲಿ ಪ್ರತಿ ಕೌಂಟಿಗೂ ಚುನಾವಣಾ ಮೇಲ್ವಿಚಾರಕನೊಬ್ಬನು ನಾಲ್ಕು ವರ್ಷಕ್ಕೊಮ್ಮೆ ಆರಿಸಿಬರುತ್ತಾನೆ. ಮತಗಳ ಅಂತಿಮ ಪರಿಶೀಲನೆಗೆ ಮೂವರ ಮಂಡಲಿಯಿರುತ್ತದೆ: ಕೌಂಟಿ ನ್ಯಾಯಾಧೀಶ, ಕೌಂಟಿ ಕಮಿಷನರುಗಳ ಮಂಡಲಿಯ ಅಧ್ಯಕ್ಷ, ಮತ್ತು ಈ ಮೇಲ್ವಿಚಾರಕ. ಅಂಚೆಯಲ್ಲಿ ಬಂದ ಮತಪತ್ರದ ಸಹಿ ತಾಳೆಯಾಗದಿದ್ದರೆ ಅದನ್ನು ಎಣಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವವರು ಇವರೇ. ಅಂತರವು ನೂರಕ್ಕೆ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಯಂತ್ರದಿಂದ ಮರುಎಣಿಕೆ, ನೂರಕ್ಕೆ ಕಾಲಿನಷ್ಟು ಅಥವಾ ಅದಕ್ಕೂ ಕಡಿಮೆಯಿದ್ದರೆ ಸಂಶಯಾಸ್ಪದ ಮತಪತ್ರಗಳನ್ನು ಕೈಯಲ್ಲಿ ಹಿಡಿದು ನೋಡುವ ಮರುಎಣಿಕೆ. ಅದೂ ಇವರ ಎದುರಿಗೇ. ಮಂಡಲಿಯ ಸಭೆ ಬಹಿರಂಗವಾಗಿ ನಡೆಯಬೇಕು. ಬಯಸಿದ ನಾಗರಿಕನು ಹೋಗಿ ಕುಳಿತು ನೋಡಬಹುದು.

ಈ ಮೂವರಲ್ಲಿ ಯಾರಾದರೂ ಅದೇ ಚುನಾವಣೆಯಲ್ಲಿ ಎದುರಾಳಿಯುಳ್ಳ ಉಮೇದುವಾರನಾಗಿದ್ದರೆ ಮಂಡಲಿಯಲ್ಲಿ ಕೂರುವಂತಿಲ್ಲ. ತಾನು ನಿಲ್ಲದೆ, ಎದುರಾಳಿಯುಳ್ಳ ಬೇರೊಬ್ಬ ಉಮೇದುವಾರನ ಪ್ರಚಾರದಲ್ಲಿ ಸಕ್ರಿಯವಾಗಿ ಓಡಾಡಿದ್ದರೂ ಕೂರುವಂತಿಲ್ಲ. ಮೇಲ್ವಿಚಾರಕನ ಜಾಗಕ್ಕೆ ಕಮಿಷನರುಗಳಲ್ಲೊಬ್ಬನನ್ನು ಹಾಕಬೇಕು. ಆ ದೋಷವಿಲ್ಲದ ಕಮಿಷನರು ಒಬ್ಬನೂ ಸಿಗದಿದ್ದರೆ ಮುಖ್ಯ ನ್ಯಾಯಾಧೀಶನು ಕೌಂಟಿಯ ಸಾಮಾನ್ಯ ಮತದಾರನೊಬ್ಬನನ್ನು ತಂದು ಕೂರಿಸಬಹುದು. ‘ಎದುರಾಳಿಯುಳ್ಳ’ ಎಂಬ ಮಾತನ್ನು ವಾಚಕರು ಗಮನಿಸಿರಬಹುದು. ಎದುರಾಳಿಯೇ ಇಲ್ಲದವನ ಹೆಸರನ್ನು ಫ್ಲಾರಿಡಾದ ಮತಪತ್ರದಲ್ಲಿ ಮುದ್ರಿಸುವುದೇ ಇಲ್ಲ. ಅಂಥವನು ತನಗೆ ತಾನೇ ಒಂದು ಮತ ಹಾಕಿಕೊಂಡಂತೆ ಭಾವಿಸತಕ್ಕದ್ದೆಂದು ಕಾನೂನಿನಲ್ಲಿದೆ!

ಆದರೆ ಇದೇ ಕಾಯಿದೆಯಲ್ಲಿ ಒಂದು ಸಾಲು ಇದೆ. ಹೀಗೆ ಮಂಡಲಿಯಿಂದ ಹೊರಗುಳಿದ ಮೇಲ್ವಿಚಾರಕನು ಮಂಡಲಿಗೆ ಸಲಹೆಗಾರನಾಗಿ ಮುಂದುವರಿಯತಕ್ಕದ್ದು. ಬೇರೆ ದಾರಿಯಿಲ್ಲವೆಂಬುದು ನಮಗೂ ತಿಳಿಯುತ್ತದೆ. ಪೆಟ್ಟಿಗೆಗಳ ಬೀಗದ ಕೈ ಎಲ್ಲಿದೆ, ಯಾವ ಗಟ್ಟೆಯಿಂದ ಯಾವ ಯಂತ್ರ ಬಂತು ಎಂಬುದೆಲ್ಲ ಆತನಿಗೇ ಗೊತ್ತು. ಹೊಸದಾಗಿ ಬಂದ ಕಮಿಷನರಿಗೆ ಏನೂ ಗೊತ್ತಿಲ್ಲ. ಕುರ್ಚಿಯಿಂದ ಎಬ್ಬಿಸಿದವನನ್ನು ಕುರ್ಚಿಯ ಪಕ್ಕದಲ್ಲಿಯೇ ನಿಲ್ಲಿಸಿಕೊಳ್ಳಬೇಕಾಗುತ್ತದೆ. ನಮ್ಮ ಗಿರಣಿಗಳಲ್ಲಿ ಹಾಜರಿ ಬರೆಯುವವನು ಬೇರೆ, ಪಗಾರದ ಬಟವಾಡೆ ಮಾಡುವವನು ಬೇರೆ. ಇಬ್ಬರೂ ಕಳ್ಳರೆಂದು ಹೀಗೆ ಮಾಡಿದ್ದಲ್ಲ. ಒಬ್ಬನ ಪುಸ್ತಕಕ್ಕೆ ಇನ್ನೊಬ್ಬನ ಪುಸ್ತಕ ತಾಳೆಯಾಗಲೆಂದು. ತನ್ನ ಹಾಜರಿಯನ್ನು ತಾನೇ ಬರೆದುಕೊಳ್ಳುವ ಕಾರಕೂನನು ಒಂದು ದಿನವೂ ತಡವಾಗಿ ಬಾರದಿರಬಹುದು. ಆದರೂ ಖಾತೆಯ ಜನ ನಂಬುವುದಿಲ್ಲ. ಅವರು ನಂಬದಿರುವುದರಿಂದ ಹೆಚ್ಚು ಕಷ್ಟಪಡುವವನು ಪ್ರಾಮಾಣಿಕನೇ. ಫ್ಲಾರಿಡಾದ ನಿಯಮವು ಬಟವಾಡೆಯ ದಿನ ಆತನನ್ನು ದೂರವಿಡುತ್ತದೆ. ವರ್ಷವೆಲ್ಲ ಹಾಜರಿ ಪುಸ್ತಕ ಆತನ ಕೈಯಲ್ಲಿಯೇ.

ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ವಿಷಯವೆಂಬುದನ್ನು ಅದೇ ರಾಜ್ಯದ ಪಾಮ್ ಬೀಚ್ ಕೌಂಟಿ ಜಗತ್ತಿಗೆ ತೋರಿಸಿತು. 2000ದ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿನ ಮೇಲ್ವಿಚಾರಕಿ ಥೆರೇಸಾ ಲೆಪೋರ್ ಅವರು, ವಯಸ್ಸಾದ ಮತದಾರರಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು ಹೆಸರುಗಳನ್ನು ಎದುರುಬದುರಾದ ಎರಡು ಪುಟಗಳಲ್ಲಿ ಹಾಕಿಸಿ, ತೂತು ಮಾಡುವ ಗುರುತುಗಳನ್ನು ನಡುವೆ ಒಂದೇ ಸಾಲಿನಲ್ಲಿ ಇರಿಸಿದರು. ಗೋರ್ ಅವರಿಗೆ ಮತ ಹಾಕಲು ಹೋದ ಅನೇಕರು ಬುಕ್ಯಾನನ್ ಎಂಬ ಸಣ್ಣ ಪಕ್ಷದ ಉಮೇದುವಾರನ ತೂತು ಮಾಡಿಬಿಟ್ಟರು. ಆ ಉಮೇದುವಾರನಿಗೆ ಆ ಒಂದು ಕೌಂಟಿಯಲ್ಲಿ 3,407 ಮತ ಬಿತ್ತು. ಇಡೀ ರಾಜ್ಯದಲ್ಲಿ ಬುಷ್ ಅವರು ಗೆದ್ದದ್ದು 537 ಮತಗಳಿಂದ; ಆ ರಾಜ್ಯ ಗೆದ್ದದ್ದರಿಂದಲೇ ಅವರು ದೇಶದ ಅಧ್ಯಕ್ಷರಾದರು. ಲೆಪೋರ್ ಅವರು ಸ್ವಂತ ಲಾಭಕ್ಕೆ ಹೀಗೆ ಮಾಡಿದರೆಂದು ತಿಳಿದವರು ಹೇಳುವುದಿಲ್ಲ. ಅವರು ಆಗ ಇದ್ದದ್ದೇ ಗೋರ್ ಅವರ ಪಕ್ಷದಲ್ಲಿ. ಆದರೆ ಎಣಿಕೆಯ ಕೋಣೆಗೆ ಬರುವ ಮೊದಲೇ, ಅಚ್ಚಿನ ಮೊಳೆ ಜೋಡಿಸುವಾಗಲೇ, ಫಲಿತಾಂಶ ತಿರುಗಿಬಿಡಬಹುದೆಂದು ಎಲ್ಲರಿಗೂ ತಿಳಿಯಿತು. 2004ರ ಆಗಸ್ಟಿನಲ್ಲಿ ಅವರು ಅದೇ ಹುದ್ದೆಗೆ ಪುನಃ ನಿಂತು ಸೋತರು. ಮತಪತ್ರ ಸಿದ್ಧಪಡಿಸುವ ಹೊಣೆ ಆಗಲೂ ಅವರ ಕಚೇರಿಯದೇ ಆಗಿತ್ತು.

2000ದಲ್ಲಿ ರಾಜ್ಯದ ಮಟ್ಟದಲ್ಲಿ ನಡೆದದ್ದು ಇನ್ನೂ ಹೆಚ್ಚು ಚರ್ಚೆಗೆ ಒಳಗಾಯಿತು. ಫ್ಲಾರಿಡಾದ ಗವರ್ನರರು ಉಮೇದುವಾರರ ಸ್ವಂತ ತಮ್ಮ ಜೆಬ್ ಬುಷ್. ರಾಜ್ಯದ ಫಲಿತಾಂಶವನ್ನು ಪ್ರಮಾಣೀಕರಿಸುವ ಆಯೋಗದಿಂದ ಅವರು ತಾವಾಗಿಯೇ ಹಿಂದೆ ಸರಿದರು. ಸೆಕ್ರೆಟರಿ ಆಫ್ ಸ್ಟೇಟ್ ಕ್ಯಾಥರೀನ್ ಹ್ಯಾರಿಸ್ ಅವರು ಅದೇ ಉಮೇದುವಾರರ ರಾಜ್ಯ ಪ್ರಚಾರ ಸಮಿತಿಯ ಸಹ-ಅಧ್ಯಕ್ಷೆಯಾಗಿದ್ದರೂ ಸರಿಯಲಿಲ್ಲ; ಆ 537ಕ್ಕೆ ಅವರೇ ಸಹಿ ಹಾಕಿದರು. ಕೆಳಗಿನ ಕೌಂಟಿಯ ಮಂಡಲಿಯಲ್ಲಿ ಇಂಥವರು ಕೂರಬಾರದೆಂಬ ನಿಯಮ ಮೇಲಿನವರಿಗೆ ಹಾಗೆ ಅನ್ವಯಿಸಲಿಲ್ಲ. ನೀರು ಮೇಲಿನಿಂದ ಕೆಳಗೆ ಹರಿಯುತ್ತದೆ. ನಿಯಮವೇಕೋ ಕೆಳಗೇ ನಿಂತುಬಿಡುತ್ತದೆ.

ಮೇಲಿನ ಹುದ್ದೆಯವರು ತಾವೇ ಉಮೇದುವಾರರಾದರೆ ಏನಾಗುತ್ತದೆಂಬುದಕ್ಕೆ 2018ರಲ್ಲಿ ಎರಡು ನಿದರ್ಶನಗಳು ಸಿಕ್ಕಿದವು. ಕ್ಯಾನ್ಸಸ್ ರಾಜ್ಯದ ಸೆಕ್ರೆಟರಿ ಕ್ರಿಸ್ ಕೋಬಾಕ್ ಅವರು ಗವರ್ನರ್ ಪದವಿಗಾಗಿ ತಮ್ಮ ಪಕ್ಷದೊಳಗಿನ ಚುನಾವಣೆಗೆ ನಿಂತರು. ಎದುರಾಳಿ ಅದೇ ಪಕ್ಷದ ಹಾಲಿ ಗವರ್ನರ್ ಜೆಫ್ ಕಾಲಿಯರ್. 3 ಲಕ್ಷಕ್ಕೂ ಹೆಚ್ಚು ಮತ ಬಿದ್ದ ಆ ಚುನಾವಣೆಯಲ್ಲಿ ಮೊದಲ ದಿನ ಕಂಡ ಅಂತರ 191. ಎರಡು ದಿನದೊಳಗೆ, ಥಾಮಸ್ ಎಂಬ ಸಣ್ಣ ಕೌಂಟಿಯಿಂದ ಹೋದ ಲೆಕ್ಕದಲ್ಲಿ ಕಾಲಿಯರ್ ಅವರ 522 ಮತಗಳು ಸೆಕ್ರೆಟರಿಯವರ ಕಚೇರಿಯ ಪಟ್ಟಿಯಲ್ಲಿ 422 ಎಂದು ಸೇರಿರುವುದು ಗೊತ್ತಾಯಿತು. ಅಂತರ 91ಕ್ಕೆ ಇಳಿಯಿತು. ಕೈಬರಹದ 5 ಅನ್ನು 4 ಎಂದು ಓದಿದ್ದಷ್ಟೇ. ದಿನಕ್ಕೆ ನೂರು ಅಂಕಿ ಬರೆಯುವ ನಮಗೆ ಇದು ಎಷ್ಟು ಸಹಜವೆಂದು ಹೇಳಬೇಕಾಗಿಲ್ಲ. ಆದರೆ ಆ ಕಚೇರಿಯ ಯಜಮಾನನೇ 91 ಮತಗಳಿಂದ ಮುಂದಿರುವಾಗ ಸಹಜವಾದ ತಪ್ಪನ್ನು ಸಹಜವೆಂದು ಯಾರು ಒಪ್ಪುತ್ತಾರೆ? ಕೋಬಾಕ್ ಅವರು ಮೊದಲು ಹಿಂಜರಿದು, ಗವರ್ನರರು ಪತ್ರ ಬರೆದ ಮೇಲೆ ಮುಂದಿನ ಎಣಿಕೆಯ ಕೆಲಸದಿಂದ ಹಿಂದೆ ಸರಿದು, ಹೊಣೆಯನ್ನು ತಮ್ಮದೇ ಕಚೇರಿಯ ಸಹಾಯಕನಿಗೆ ಒಪ್ಪಿಸಿದರು. ಆ ರಾಜ್ಯದ ನಾಲ್ಕು ದೊಡ್ಡ ಕೌಂಟಿಗಳ ಚುನಾವಣಾಧಿಕಾರಿಗಳನ್ನು ನೇಮಿಸುವವರೂ ಸೆಕ್ರೆಟರಿಯೇ ಎಂಬುದನ್ನೂ ಇಲ್ಲಿ ನೆನೆಯಬೇಕು. ಕೊನೆಗೆ ಕೋಬಾಕ್ 343 ಮತಗಳಿಂದ ಗೆದ್ದರು. ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಸೋತರು.

ಜಾರ್ಜಿಯಾದಲ್ಲಿ ಅದೇ ವರ್ಷ ಬ್ರಯನ್ ಕೆಂಪ್ ಅವರು ಸೆಕ್ರೆಟರಿಯಾಗಿದ್ದುಕೊಂಡೇ ಗವರ್ನರ್ ಪದವಿಗೆ ನಿಂತರು. ಎದುರಾಳಿ ಸ್ಟೇಸಿ ಅಬ್ರಾಮ್ಸ್. ಆ ರಾಜ್ಯದವರೇ ಆದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಅಕ್ಟೋಬರಿನಲ್ಲಿ ಕಾಗದ ಬರೆದು ಹುದ್ದೆ ಬಿಡುವಂತೆ ಕೇಳಿದರು. ಎಣಿಕೆ ಮಾಡುವವರು ಕೌಂಟಿಯವರು, ನಾನಲ್ಲ ಎಂಬುದು ಕೆಂಪ್ ಅವರ ವಾದ. ಅದು ಸುಳ್ಳೇನಲ್ಲ, ಆದರೆ ಜಗಳ ಇದ್ದದ್ದು ಎಣಿಕೆಯ ಮೇಲಲ್ಲ, ಯಾದಿಯ ಮೇಲೆ. ಅರ್ಜಿಯಲ್ಲಿನ ಹೆಸರು ಸರಕಾರದ ಇತರ ದಾಖಲೆಗಳೊಡನೆ ಅಕ್ಷರಶಃ ತಾಳೆಯಾಗಬೇಕೆಂಬ ನಿಯಮದಿಂದ ಸುಮಾರು 53,000 ಅರ್ಜಿಗಳು ಬಾಕಿ ನಿಂತಿದ್ದವು. ಅಂಥವರು ಗುರುತಿನ ಚೀಟಿ ತೋರಿಸಿ ಮತ ಹಾಕಬಹುದೆಂದು ಕಚೇರಿ ಹೇಳಿತು. ಹೆದರಿ ಬಾರದವರೆಷ್ಟು ಮಂದಿ ಎಂದು ಎದುರು ಪಕ್ಷ ಕೇಳಿತು. ಕೆಂಪ್ ಸುಮಾರು 55,000 ಮತಗಳಿಂದ ಗೆದ್ದರು. ಸೆಕ್ರೆಟರಿಯ ಹುದ್ದೆಗೆ ರಾಜೀನಾಮೆ ಕೊಟ್ಟದ್ದು ನವೆಂಬರ್ 8ರಂದು, ಮತದಾನವಾದ ಎರಡು ದಿನಕ್ಕೆ. ಯಾದಿಯ ಕೆಲಸವೆಲ್ಲ ಮುಗಿದ ಮೇಲೆ ಎಣಿಕೆಯ ಬಾಗಿಲಲ್ಲಿ ಕೈತೊಳೆದುಕೊಂಡಂತಾಯಿತೆಂದು ನಮ್ಮ ಎಣಿಕೆ.

ನಮ್ಮ ದೇಶದಲ್ಲಿ ಈ ತೊಡಕು ಇದೇ ರೂಪದಲ್ಲಿಲ್ಲ. ಮತಕ್ಷೇತ್ರದ ಚುನಾವಣಾಧಿಕಾರಿಯು ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯಂಥ ಸರಕಾರಿ ನೌಕರ. ಚುನಾವಣೆ ಮುಗಿಯುವವರೆಗೆ ಆತನು ಆಯೋಗದ ಅಧೀನನೆಂದು ಕಾನೂನು ಪರಿಗಣಿಸುತ್ತದೆ. ಸ್ವಂತ ಜಿಲ್ಲೆಯವನನ್ನೂ, ಒಂದೇ ಜಿಲ್ಲೆಯಲ್ಲಿ ಮೂರು ವರ್ಷ ಕಳೆದವನನ್ನೂ ಚುನಾವಣೆಗೆ ಮುಂಚೆ ವರ್ಗ ಮಾಡಿಸುತ್ತಾರೆ. ಉಮೇದುವಾರನು ತನ್ನ ಹತ್ತಿರದ ನೆಂಟನಲ್ಲವೆಂದು ಬರೆದುಕೊಡಬೇಕು. ಇದು ಎಣಿಕೆಯ ದಿನದ ನಿಯಮವಲ್ಲ, ತಿಂಗಳುಗಟ್ಟಲೆ ಮುಂಚಿನ ನಿಯಮ. ಇದರ ಬೆಲೆ ನಮಗೆ ಹೊರದೇಶದ ಕಥೆ ಓದಿದಾಗಲೇ ಹೆಚ್ಚು ತಿಳಿಯುತ್ತದೆ. ಹಾಗೆಂದು ಹಿಗ್ಗಬೇಕಾದ್ದಿಲ್ಲ. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗವಿದ್ದರೂ, ವಾರ್ಡುಗಳ ಗಡಿ, ಮೀಸಲಾತಿಗಳ ತಕರಾರಿನಲ್ಲಿ ಮುಂಬಯಿ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ಜನರು ವರ್ಷಗಟ್ಟಲೆ ಕಾಯಬೇಕಾದದ್ದು ಎಲ್ಲರೂ ಬಲ್ಲ ಸಂಗತಿ. ಅಲ್ಲಿಯೂ ಗಂಟು ಬಿದ್ದದ್ದು ಪೂರ್ವಸಿದ್ಧತೆಯಲ್ಲಿಯೇ. ಇನ್ನು ನಮ್ಮ ಸಂಘ-ಸೊಸೈಟಿಗಳಲ್ಲಂತೂ, ಸದಸ್ಯರ ಪುಸ್ತಕ, ಚಂದಾ ರಸೀದಿ ಎಲ್ಲ ಕೈಯಲ್ಲಿಟ್ಟುಕೊಂಡ ಕಾರ್ಯದರ್ಶಿಯೇ ಮತ್ತೆ ನಿಲ್ಲುವುದು ಎಲ್ಲೆಡೆ ಕಾಣುವ ನೋಟ. ಯಾರ ಚಂದಾ ಬಾಕಿ, ಯಾರಿಗೆ ಮತವಿಲ್ಲ ಎಂದು ಹೇಳುವವರೂ ಅವರೇ.

ಹಾಗಿದ್ದರೆ ಅಮೇರಿಕದವರು ಈ ಅಧಿಕಾರಿಗಳನ್ನು ಆರಿಸುವುದನ್ನು ಬಿಟ್ಟು ನೇಮಿಸಬಾರದೇಕೆ? ಫ್ಲಾರಿಡಾದ 67 ಕೌಂಟಿಗಳಲ್ಲಿ ಒಂದೇ ಒಂದರಲ್ಲಿ, ಎಲ್ಲಕ್ಕೂ ದೊಡ್ಡದಾದ ಮಯಾಮಿ-ಡೇಡಿನಲ್ಲಿ, ಬಹುಕಾಲ ಹಾಗೆಯೇ ಇತ್ತು. ಅಲ್ಲಿನ ಮೇಲ್ವಿಚಾರಕನನ್ನು ಕೌಂಟಿಯ ಮೇಯರರು ನೇಮಿಸುತ್ತಿದ್ದರು. ಆದರೆ ಆ ಮೇಯರರೂ ಚುನಾವಣೆಗೆ ನಿಲ್ಲುವವರೇ! ತನ್ನನ್ನು ನೇಮಿಸಿದ ಯಜಮಾನನ ಮತಗಳನ್ನು ನೌಕರನು ಎಣಿಸುವುದು ಮೇಲೋ, ತನ್ನ ಮತಗಳನ್ನು ತಾನೇ ಎಣಿಸುವುದು ಮೇಲೋ? 2018ರಲ್ಲಿ ರಾಜ್ಯದ ಮತದಾರರು, ಬೇಕಾದ ನೂರಕ್ಕೆ 60ಕ್ಕಿಂತ ಹೆಚ್ಚಿನ ಬಹುಮತದಿಂದ, ಎಲ್ಲ ಕೌಂಟಿಗಳಲ್ಲಿಯೂ ಚುನಾಯಿತ ಮೇಲ್ವಿಚಾರಕನೇ ಇರಬೇಕೆಂದು ಸಂವಿಧಾನ ತಿದ್ದಿದರು. ಅದರಂತೆ 2024ರ ನವೆಂಬರಿನಲ್ಲಿ ಮಯಾಮಿ-ಡೇಡ್ ಕೂಡ ತನ್ನ ಮೇಲ್ವಿಚಾರಕರನ್ನು ಮತ ಹಾಕಿ ಆರಿಸಿತು. ಅವರ ಅವಧಿ ನಾಲ್ಕು ವರ್ಷ. 2028ರಲ್ಲಿ ಅವರು ಮತ್ತೆ ನಿಂತು, ಎದುರಿಗೆ ಇನ್ನೊಬ್ಬರು ನಿಂತರೆ, ಮತಪತ್ರವು ಅವರ ಕಚೇರಿಯಲ್ಲಿ ಸಿದ್ಧವಾಗುತ್ತದೆ. ಎಣಿಕೆಯ ಮಂಡಲಿಯ ಕುರ್ಚಿಯಲ್ಲಿ ಕಮಿಷನರೊಬ್ಬರು ಬಂದು ಕೂರುತ್ತಾರೆ. ಸಲಹೆ ಕೊಡಲು ಅವರು ಪಕ್ಕದಲ್ಲಿರುತ್ತಾರೆ.